ರಜೆಗೆ ಗಾಡಿ ಹತ್ತುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ಹತ್ತಿರ ಬಂದ ಕೂಡಲೇ ಪರಿಚಯದವರು ಒಬ್ಬೊಬ್ಬರಾಗಿ ಕೇಳಲು ಶುರು ಮಾಡುತ್ತಾರೆ. ಯಾವಾಗ ಹೊರಡೋದು ಒಳ್ಳೇದು, ಟೈರಿಗೆ ಎಷ್ಟು ಗಾಳಿ, ಮಗುವನ್ನು ಎಲ್ಲಿ ಕೂರಿಸೋದು. ಒಂದೇ ಉತ್ತರವನ್ನು ಹತ್ತು ಸಲ ಹೇಳಿ ಸಾಕಾಗಿ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ದಿನಾ ಗಾಡಿ ಓಡಿಸುವವರು ನಾವು. ರಜೆ ಪ್ರಯಾಣಕ್ಕೆ ಮಾತ್ರ ಯಾಕೆ ಇಷ್ಟೊಂದು ಎಚ್ಚರ?

ದಿನಾ ಓಡಾಡುವ ರಸ್ತೆ ನಿಮ್ಮ ಕೈಗೆ, ಕಾಲಿಗೆ ಗೊತ್ತು. ಎಲ್ಲಿ ಉಬ್ಬು ಇದೆ, ಎಲ್ಲಿ ಗಾಡಿಗಳು ಅಡ್ಡ ಬರುತ್ತವೆ ಅನ್ನುವುದನ್ನು ಯೋಚಿಸಬೇಕಾಗಿಲ್ಲ. ರಜೆಯಲ್ಲಿ ಹಾಗಲ್ಲ. ರಸ್ತೆ ಹೊಸದು. ಗಾಡಿ ತುಂಬ ಜನ, ಡಿಕ್ಕಿ ತುಂಬ ಸಾಮಾನು. ಹಿಂದಿನ ರಾತ್ರಿ ಪ್ಯಾಕಿಂಗ್ ಮುಗಿಯುವಾಗಲೇ ಹನ್ನೆರಡು ಗಂಟೆ, ನಿದ್ದೆ ಆಗಿರುವುದಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳ ಗಲಾಟೆ. ಎದುರಿಗೆ ಬರುವವರ ಸ್ಥಿತಿಯೂ ಇದೇ.

ಇದೆಲ್ಲದರ ಮೇಲೆ ಇನ್ನೊಂದಿದೆ. "ಎಷ್ಟೊತ್ತಿಗೆ ಬರ್ತೀರಾ?" ಅಂತ ಆ ಕಡೆಯಿಂದ ಯಾರೋ ಫೋನ್ ಮಾಡುತ್ತಾರೆ. ನಾವು ಒಂದು ಸಮಯ ಹೇಳಿಬಿಡುತ್ತೇವೆ. ಆಮೇಲೆ ಆ ಮಾತು ಉಳಿಸಿಕೊಳ್ಳಲು ಗಾಡಿ ಓಡಿಸುತ್ತೇವೆ. ತಪ್ಪು ಓವರ್‌ಟೇಕ್, ಬಿಟ್ಟ ನಿದ್ದೆ, ಮುಂದಕ್ಕೆ ಹಾಕಿದ ವಿಶ್ರಾಂತಿ, ಇವುಗಳ ಹಿಂದೆಲ್ಲ ಬಹಳ ಸಲ ಇದೊಂದೇ ಇರುತ್ತದೆ. ಹೊರಡುವ ಸಮಯ ನಮ್ಮ ಕೈಲಿದೆ, ತಲುಪುವ ಸಮಯ ಇಲ್ಲ. ಹಾಗಾಗಿ ಈಗ ನಾನು ಸಮಯ ಹೇಳುವುದನ್ನೇ ಬಿಟ್ಟಿದ್ದೇನೆ. "ಹೊರಟಿದ್ದೀವಿ, ಊಟಕ್ಕೆ ಕಾಯಬೇಡಿ" ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತದಲ್ಲಿ ಸತ್ತರು. 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ಯಾವ ಕಾಯಿಲೆಯೂ ಅಲ್ಲ, ರಸ್ತೆ.

ರಾತ್ರಿ ಹೊರಟರೆ ರಸ್ತೆ ಖಾಲಿ ಇರುತ್ತೆ, ಮಕ್ಕಳೂ ಮಲಗಿರುತ್ತಾರೆ. ಒಳ್ಳೇದಲ್ವಾ?

ರಸ್ತೆ ಖಾಲಿ ಇರುತ್ತದೆ, ನಿಜ. ಆದರೆ ನಿಮ್ಮ ಮೈ ಆ ಹೊತ್ತಿಗೆ ಮಲಗಲು ತಯಾರಾಗಿರುತ್ತದೆ. ರಾತ್ರಿ 2ರಿಂದ ಬೆಳಗಿನ 6ರವರೆಗೆ ನಿದ್ದೆಯ ಸೆಳೆತ ಎಲ್ಲಕ್ಕಿಂತ ಜಾಸ್ತಿ. ಮಧ್ಯಾಹ್ನ 2ರಿಂದ 4ರ ನಡುವೆ ಇನ್ನೊಂದು ಸಣ್ಣ ಅಲೆ ಬರುತ್ತದೆ. ಊಟ ಮಾಡದಿದ್ದರೂ ಬರುತ್ತದೆ, ಊಟ ಮಾಡಿದ್ದರೆ ಇನ್ನೂ ಜೋರು.

ಎಚ್ಚರವಾಗಿದ್ದ ಗಂಟೆಗಳನ್ನೂ ಲೆಕ್ಕ ಹಾಕಿ. ಬೆಳಿಗ್ಗೆ 6ಕ್ಕೆ ಎದ್ದು, ದಿನವಿಡೀ ಕೆಲಸ ಮಾಡಿ, ರಾತ್ರಿ 11ಕ್ಕೆ ಸ್ಟೀರಿಂಗ್ ಹಿಡಿದರೆ ಆಗಲೇ 17 ಗಂಟೆ ಆಯಿತು. ಅಷ್ಟು ಹೊತ್ತು ನಿದ್ದೆಯಿಲ್ಲದವರ ಕೈಕಣ್ಣು ಚುರುಕು, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರಷ್ಟೇ ಮಂಕಾಗಿರುತ್ತದೆ ಅಂತ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಹಲವು ದೇಶಗಳಲ್ಲಿ ಅಷ್ಟು ಕುಡಿದು ಓಡಿಸುವುದು ಅಪರಾಧ. ನಿದ್ದೆಗೆಟ್ಟು ಓಡಿಸಿದವರನ್ನು ಮಾತ್ರ ನಾವು ಗಟ್ಟಿಗ ಅನ್ನುತ್ತೇವೆ.

ನನ್ನ ಮಟ್ಟಿಗೆ ಒಳ್ಳೆ ಸಮಯ ಅಂದರೆ ಏಳು ಗಂಟೆ ನಿದ್ದೆ ಮಾಡಿ, ಬೆಳಕು ಹರಿಯುವಾಗ ಹೊರಡುವುದು. ಪ್ಯಾಕಿಂಗ್ ಹಿಂದಿನ ದಿನ ಸಂಜೆಯೇ ಮುಗಿಯಲಿ. ಮರೆತ ಚಾರ್ಜರ್ ದಾರಿಯಲ್ಲಿ ಸಿಗುತ್ತದೆ, ನಿದ್ದೆ ಸಿಗುವುದಿಲ್ಲ.

ಓಡಿಸುವಾಗ ನಿದ್ದೆ ಬಂದರೆ ಕಿಟಕಿ ಇಳಿಸಿ, ಜೋರಾಗಿ ಹಾಡು ಹಾಕಿದರೆ ಸಾಕಾ?

ಸಾಲದು. ಐದು ನಿಮಿಷ ಚುರುಕಾದಂತೆ ಅನ್ನಿಸುತ್ತದೆ, ಆಮೇಲೆ ಮತ್ತೆ ಅದೇ ಕಥೆ. ತೂಕಡಿಕೆ ಹೇಳಿ ಕೇಳಿ ಬರುವುದಿಲ್ಲ. ಕಣ್ಣು ತೆರೆದಿರುವಾಗಲೇ ಮಿದುಳು ಎರಡು ಮೂರು ಸೆಕೆಂಡು ಆಫ್ ಆಗುತ್ತದೆ. 80 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡಿಗೆ ಗಾಡಿ 65 ಮೀಟರಿಗಿಂತ ಮುಂದೆ ಹೋಗಿರುತ್ತದೆ. ಆ 65 ಮೀಟರ್ ಯಾರೂ ಓಡಿಸಿಲ್ಲ.

ಒಮ್ಮೆ ನನಗೇ ಹೀಗಾಗಿದೆ. ಕೊನೆಯ ನಲವತ್ತು ಕಿಲೋಮೀಟರ್, ಇನ್ನೇನು ತಲುಪಿಬಿಟ್ಟೆವು ಅನ್ನುವ ಧೈರ್ಯ. ಒಂದು ಸೇತುವೆ ದಾಟಿದ್ದೇ ನೆನಪಿಲ್ಲ. ಪಕ್ಕದಲ್ಲಿದ್ದ ಅಕ್ಕ "ಸೇತುವೆ ಎಷ್ಟು ಉದ್ದ ಇತ್ತು, ನೋಡಿದ್ಯಾ?" ಅಂದಾಗ ಮೈ ಬೆವೆತಿತ್ತು. ಗಾಡಿ ನೆಟ್ಟಗೆ ಹೋಗಿತ್ತು, ಅದು ನನ್ನ ಜಾಣತನವಂತೂ ಅಲ್ಲ.

ದಾಟಿದ ಊರು ನೆನಪಿಲ್ಲ, ಮೇಲಿಂದ ಮೇಲೆ ಆಕಳಿಕೆ, ಗಾಡಿ ಗೆರೆ ತುಳಿಯುತ್ತಿದೆ ಅನ್ನಿಸಿತೇ? ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಕಾಫಿ ಕುಡಿದು, ಅಲಾರಂ ಇಟ್ಟು 15-20 ನಿಮಿಷ ಮಲಗಿ. ಕಾಫಿ ಕೆಲಸ ಮಾಡಲು ಅಷ್ಟೇ ಹೊತ್ತು ಬೇಕು, ಏಳುವಾಗ ಎರಡೂ ಕೂಡಿ ಬರುತ್ತವೆ. ಎದ್ದ ಮೇಲೆ ಐದು ನಿಮಿಷ ಓಡಾಡಿ. ಇದರಿಂದ ಒಂದೆರಡು ಗಂಟೆ ಸಿಗಬಹುದು, ಇಡೀ ರಾತ್ರಿ ಅಲ್ಲ. ಇನ್ನೊಬ್ಬರಿಗೆ ಓಡಿಸಲು ಬಂದರೆ ಸ್ಟೀರಿಂಗ್ ಕೊಟ್ಟುಬಿಡಿ. ನಿದ್ದೆ ಬರದಿದ್ದರೂ ಎರಡು ಗಂಟೆಗೊಮ್ಮೆ ಇಳಿದು ಕೈಕಾಲು ಆಡಿಸಿ.

ಅಂದಹಾಗೆ, ನೆಗಡಿ ಮಾತ್ರೆ, ಅಲರ್ಜಿ ಮಾತ್ರೆ, ಪ್ರಯಾಣದಲ್ಲಿ ವಾಂತಿ ಆಗದಿರಲು ನುಂಗುವ ಮಾತ್ರೆ, ಇವುಗಳಲ್ಲಿ ಹಲವು ನಿದ್ದೆ ಬರಿಸುತ್ತವೆ. ಓಡಿಸುವವರು ನುಂಗುವ ಮುಂಚೆ ಔಷಧಿ ಅಂಗಡಿಯವರನ್ನು ಒಂದು ಮಾತು ಕೇಳಿ.

80ರಲ್ಲಿ ಹೋಗೋದು, 100ರಲ್ಲಿ ಹೋಗೋದು. ಏನು ಮಹಾ ವ್ಯತ್ಯಾಸ?

ಮೊದಲು ಲಾಭ ನೋಡೋಣ. ನೂರು ಕಿಲೋಮೀಟರ್ ದಾರಿಗೆ 80ರಲ್ಲಿ 75 ನಿಮಿಷ, 100ರಲ್ಲಿ 60 ನಿಮಿಷ. ಹದಿನೈದು ನಿಮಿಷ ಉಳಿತಾಯ. ಅದೂ ಮಧ್ಯೆ ಒಂದು ಸಲವೂ ಬ್ರೇಕ್ ಹಾಕದಿದ್ದರೆ. ರಜೆ ದಿನ ಅಂಥ ರಸ್ತೆ ಎಲ್ಲಿ ಸಿಗುತ್ತದೆ? ಮುಂದಿನ ಸಿಗ್ನಲ್‌ನಲ್ಲಿ ಇಬ್ಬರೂ ಅಕ್ಕಪಕ್ಕ ನಿಂತಿರುತ್ತೀರಿ.

ಇನ್ನು ನಷ್ಟ. ಎರಡು ಕಾರು ಅಕ್ಕಪಕ್ಕ ಹೋಗುತ್ತಿವೆ ಅಂದುಕೊಳ್ಳಿ. ಒಂದು 80ರಲ್ಲಿ, ಇನ್ನೊಂದು 100ರಲ್ಲಿ. ಎದುರಿಗೆ ಏನೋ ಅಡ್ಡ ಬಂತು. ಇಬ್ಬರೂ ಒಂದೇ ಕ್ಷಣಕ್ಕೆ ನೋಡಿ, ಒಂದು ಸೆಕೆಂಡಿನಲ್ಲಿ ಬ್ರೇಕ್ ಒತ್ತಿದರು. ರಸ್ತೆ ಒಣಗಿದೆ, ಟೈರ್ ಚೆನ್ನಾಗಿದೆ. 80ರ ಕಾರು ಸುಮಾರು 58 ಮೀಟರಿನಲ್ಲಿ ನಿಲ್ಲುತ್ತದೆ. ಅದೇ ಜಾಗ ತಲುಪುವಾಗ 100ರ ಕಾರು ಇನ್ನೂ 65 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿರುತ್ತದೆ. ಒಬ್ಬರಿಗೆ ಬರೀ ಎದೆ ಡವಡವ, ಇನ್ನೊಬ್ಬರಿಗೆ ಆಂಬುಲೆನ್ಸ್.

ನಂಬಲು ಕಷ್ಟ, ನನಗೂ ಲೆಕ್ಕ ಹಾಕಿ ನೋಡುವವರೆಗೆ ನಂಬಿಕೆ ಬಂದಿರಲಿಲ್ಲ. ಗುಟ್ಟು ಇಷ್ಟೇ: ಬ್ರೇಕ್ ಕರಗಿಸಬೇಕಾದ ಶಕ್ತಿ ವೇಗದ ಜೊತೆ ಸಮನಾಗಿ ಏರುವುದಿಲ್ಲ, ವೇಗದ ವರ್ಗದಷ್ಟು ಏರುತ್ತದೆ. ವೇಗ ಕಾಲುಭಾಗ ಹೆಚ್ಚಾದರೆ ಶಕ್ತಿ ಒಂದೂವರೆ ಪಟ್ಟಿಗೂ ಜಾಸ್ತಿ.

ಎರಡು ದಾರಿಯ ರಸ್ತೆಯಲ್ಲಿ ಓವರ್‌ಟೇಕ್ ಮಾಡಲು ಎಷ್ಟು ಜಾಗ ಬೇಕು?

ನೀವು ಅಂದುಕೊಂಡಿರುವುದರ ಎರಡರಷ್ಟು. ಮುಂದೆ ಲಾರಿ 60ರಲ್ಲಿದೆ, ನೀವು 80ರಲ್ಲಿ ದಾಟುತ್ತೀರಿ. ಹಿಂದೆ ಬಿಟ್ಟ ಅಂತರ, ಲಾರಿಯ ಉದ್ದ, ಮುಂದೆ ಸೇರಿಕೊಳ್ಳಲು ಬೇಕಾದ ಅಂತರ ಎಲ್ಲ ಸೇರಿ ಲಾರಿಗಿಂತ 55 ಮೀಟರಿನಷ್ಟು ಹೆಚ್ಚು ಓಡಬೇಕು. ಅದಕ್ಕೆ ಹತ್ತು ಸೆಕೆಂಡು ಹಿಡಿಯುತ್ತದೆ. ಆ ಹತ್ತು ಸೆಕೆಂಡಿನಲ್ಲಿ ನೀವು 220 ಮೀಟರ್ ಹೋಗಿರುತ್ತೀರಿ. ಎದುರಿನವನೂ 80ರಲ್ಲಿ ಬಂದರೆ ಅವನದೂ 220. ಅಂದರೆ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ರಸ್ತೆ ಖಾಲಿ ಕಾಣಬೇಕು.

ತಿರುವಿನಲ್ಲಿ, ಏರಿನ ತುದಿಯಲ್ಲಿ, ಸೇತುವೆ ಮೇಲೆ ಅಷ್ಟು ಕಾಣುವುದಿಲ್ಲ. ಕಾಣದಿದ್ದರೆ ದಾಟಬೇಡಿ. ಮುಂದಿನ ಕಾರು ದಾಟಿತು ಅಂತ ಅದರ ಬಾಲ ಹಿಡಿದು ಹೋಗುವುದು ಇನ್ನೂ ಕೆಟ್ಟದ್ದು, ಅವನಿಗೆ ಕಂಡಿದ್ದು ನಿಮಗೆ ಕಂಡಿಲ್ಲ. ಜನ ತುಂಬಿದ ಗಾಡಿ ಎಂದಿನಷ್ಟು ಬೇಗ ವೇಗ ಹಿಡಿಯುವುದಿಲ್ಲ ಅನ್ನುವುದೂ ನೆನಪಿರಲಿ.

ಮುಂದಿನ ಗಾಡಿಗೆ ಎಷ್ಟು ದೂರ ಬಿಡಬೇಕು?

ಎರಡು ಸೆಕೆಂಡು. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ "ಸಾವಿರದ ಒಂದು, ಸಾವಿರದ ಎರಡು" ಅಂತ ಎಣಿಸಿ. ಮುಗಿಯುವ ಮುಂಚೆ ನೀವು ಆ ಕಂಬಕ್ಕೆ ಬಂದರೆ ತೀರಾ ಹತ್ತಿರ ಇದ್ದೀರಿ. ಮಳೆಯಲ್ಲಿ ನಾಲ್ಕು. ಆ ಜಾಗದಲ್ಲಿ ಯಾರಾದರೂ ನುಗ್ಗುತ್ತಾರೆ, ನುಗ್ಗಲಿ ಬಿಡಿ.

ಗಾಡಿ ಸರ್ವಿಸ್ ಆಗಿದೆ. ಇನ್ನೇನಾದರೂ ನೋಡಬೇಕಾ?

ಟೈರ್. ಗಾಡಿ ಎಷ್ಟೇ ದೊಡ್ಡದಿರಲಿ, ರಸ್ತೆಗೆ ತಾಗುವುದು ನಾಲ್ಕು ಅಂಗೈ ಅಗಲದ ರಬ್ಬರ್ ಮಾತ್ರ. ಬ್ರೇಕ್, ಎಬಿಎಸ್ ಎಲ್ಲ ಅದರ ಮೂಲಕವೇ ಕೆಲಸ ಮಾಡಬೇಕು.

ಗಾಳಿಯನ್ನು ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಿ. ಓಡಿ ಬಿಸಿಯಾದ ಮೇಲೆ ಒತ್ತಡ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಗಾಳಿ ಬಿಟ್ಟರೆ ತಣ್ಣಗಾದಾಗ ಕಡಿಮೆ ಆಗಿರುತ್ತದೆ. ಎಷ್ಟು ಗಾಳಿ ಅನ್ನುವುದು ಬಹಳ ಕಾರುಗಳಲ್ಲಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ. ಅದರಲ್ಲಿ ಒಬ್ಬಿಬ್ಬರು ಕೂತಾಗ ಒಂದು ಅಂಕಿ, ತುಂಬಿದ ಗಾಡಿಗೆ ಇನ್ನೊಂದು ಅಂಕಿ ಇದ್ದರೆ ರಜೆಗೆ ಬೇಕಿರುವುದು ಎರಡನೆಯದು. ಟೈರಿನ ಬದಿಯಲ್ಲಿ ಅಚ್ಚಾಗಿರುವುದು ಆ ಟೈರ್ ತಡೆಯುವ ಗರಿಷ್ಠ ಒತ್ತಡ, ಅಷ್ಟು ತುಂಬಿಸಬೇಡಿ. ಗಾಳಿ ಕಡಿಮೆ ಇದ್ದರೆ ಟೈರಿನ ಬದಿ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಬಿಸಿ ಏರುತ್ತದೆ. ಬಿಸಿಲು, ಭಾರ, ವೇಗ ಮೂರೂ ಸೇರಿದಾಗ ಒಡೆಯುವುದು ಅಂಥದ್ದೇ.

ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಅನ್ನುವುದು ಹಲವು ದೇಶಗಳ ಕಾನೂನು. ಮಳೆಗೆ ಅದು ಸಾಲದು, 3 ಮಿಲಿಮೀಟರ್ ಇದ್ದರೆ ನೆಮ್ಮದಿ. ವಯಸ್ಸನ್ನೂ ನೋಡಿ. ಟೈರ್ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗೀರು ಚೆನ್ನಾಗಿದ್ದರೂ ಹಳೇ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಸ್ಟೆಪ್ನಿ ಮರೆಯಬೇಡಿ. ನಾನು ಒಮ್ಮೆ ಪಂಕ್ಚರ್ ಆದ ಟೈರ್ ಬಿಚ್ಚಿ, ಜಂಬದಿಂದ ಸ್ಟೆಪ್ನಿ ಇಳಿಸಿದರೆ ಅದರಲ್ಲೂ ಗಾಳಿ ಇರಲಿಲ್ಲ. ಎರಡು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಮೂರು ಗಂಟೆ ರಸ್ತೆ ಬದಿಯಲ್ಲಿ ಕೂತಿದ್ದೆವು.

ಉಳಿದದ್ದು ಐದು ನಿಮಿಷದ ಕೆಲಸ: ಎಲ್ಲಾ ಲೈಟು, ವೈಪರ್, ಕೂಲಂಟ್, ಬ್ರೇಕ್ ಎಣ್ಣೆ.

ಲಗೇಜ್ ಎಲ್ಲಿ ಇಟ್ಟರೇನು?

ಭಾರದ್ದು ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿಗೆ ಒತ್ತಿದಂತೆ. ಟಾಪ್ ಮೇಲೆ ಹಗುರವಾದದ್ದು ಮಾತ್ರ. ಮೇಲೆ ಭಾರ ಹೆಚ್ಚಾದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಹಿಂದಿನ ಗಾಜಿನ ಕೆಳಗಿನ ಹಲಗೆ ಮೇಲೆ ನೀರಿನ ಬಾಟಲಿ, ಫ್ಲಾಸ್ಕ್, ಆಟದ ಸಾಮಾನು ಇಡಬೇಡಿ. ಗಾಡಿ ಗಕ್ಕನೆ ನಿಂತಾಗ ಅವು ನಿಲ್ಲುವುದಿಲ್ಲ, ನಿಮ್ಮ ತಲೆಯತ್ತ ಬರುತ್ತವೆ. ಡ್ರೈವರ್ ಕಾಲ ಬುಡದಲ್ಲಿ ಬಾಟಲಿಯಂತೂ ಬೇಡವೇ ಬೇಡ, ಉರುಳಿ ಬ್ರೇಕಿನ ಕೆಳಗೆ ಸಿಕ್ಕಿಕೊಂಡರೆ ಮುಗಿಯಿತು.

ಹಿಂದೆ ಕೂತವರಿಗೂ ಬೆಲ್ಟ್ ಬೇಕಾ?

ಬೇಕು. 50 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದು ಅಂದರೆ ಸುಮಾರು ಹತ್ತು ಮೀಟರ್ ಎತ್ತರದಿಂದ ಬಿದ್ದಂತೆ. ಮೂರನೇ ಮಹಡಿಯಿಂದ ಬೀಳುವಾಗ ಸೀಟು ಹಿಂದಿನದೋ ಮುಂದಿನದೋ ಅಂತ ಯಾರು ಕೇಳುತ್ತಾರೆ? ಬೆಲ್ಟ್ ಹಾಕದೆ ಹಿಂದೆ ಕೂತವರು ಮುಂದಿನವರ ಮೇಲೆ ಬಿದ್ದು ಅವರ ಜೀವಕ್ಕೂ ಕುತ್ತು ತರುತ್ತಾರೆ. ಏರ್‌ಬ್ಯಾಗ್ ಇದೆಯಲ್ಲ ಅನ್ನಬೇಡಿ. ಅದು ಬೆಲ್ಟ್ ಹಾಕಿದವರಿಗಾಗಿ ಮಾಡಿದ್ದು.

ಈಗಿನ ಮೂರು ಕಡೆ ಹಿಡಿಯುವ ಬೆಲ್ಟ್ 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಮಾಡಿದ್ದು. ಕಂಪನಿ ಆ ಪೇಟೆಂಟನ್ನು ಬೇರೆಯವರೂ ಬಳಸಲು ಬಿಟ್ಟುಕೊಟ್ಟಿತು. ಅಷ್ಟು ವರ್ಷಗಳಾದರೂ ನಾವು ಹಿಂದಿನ ಬೆಲ್ಟನ್ನು ಸೀಟಿನ ಸಂದಿಯಲ್ಲಿ ತುರುಕಿ ಕವರ್ ಹಾಕಿರುತ್ತೇವೆ. ಹೊರಡುವ ಹಿಂದಿನ ದಿನ ಅದನ್ನು ಹೊರಗೆ ಎಳೆದಿಡಿ.

ಹೆಡ್‌ರೆಸ್ಟ್ ಕುತ್ತಿಗೆಗೆ ದಿಂಬಲ್ಲ. ಅದರ ಮೇಲಂಚು ನೆತ್ತಿಯ ಮಟ್ಟಕ್ಕೆ ಇರಬೇಕು. ಹಿಂದಿನಿಂದ ಗುದ್ದಿದಾಗ ಕತ್ತು ಉಳಿಸುವುದು ಅದೇ.

ಗರ್ಭಿಣಿಯರು ಬೆಲ್ಟ್ ಹಾಕಿದರೆ ಹೊಟ್ಟೆಗೆ ಪೆಟ್ಟಾಗಲ್ವಾ?

ಹಾಕದಿದ್ದರೆ ಇಬ್ಬರಿಗೂ ಅಪಾಯ. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ, ತೊಡೆಯ ಬುಡದಲ್ಲಿ ಬರಲಿ, ಹೊಟ್ಟೆ ಮೇಲೆ ಬೇಡ. ಮೇಲಿನ ಪಟ್ಟಿ ಎರಡು ಸ್ತನಗಳ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಲಿ.

ಮಗು ನನ್ನ ಮಡಿಲಲ್ಲಿದ್ದರೆ ಸೇಫ್ ಅಲ್ವಾ? ನಾನು ಗಟ್ಟಿಯಾಗಿ ಹಿಡಿದುಕೊಂಡಿರ್ತೀನಿ.

ಈ ಪ್ರಶ್ನೆ ಕೇಳುವ ತಾಯಂದಿರ ಮೇಲೆ ನನಗೆ ಸಿಟ್ಟಿಲ್ಲ, ಮಡಿಲಿಗಿಂತ ಬೆಚ್ಚನೆ ಜಾಗ ಇಲ್ಲ ಅನ್ನುವುದು ಯಾರಿಗೆ ಗೊತ್ತಿಲ್ಲ? ಆದರೆ ಗುದ್ದಿದ ಕ್ಷಣದಲ್ಲಿ ಹತ್ತು ಕಿಲೋ ಮಗುವಿನ ಎಳೆತ ನೂರಾರು ಕಿಲೋ ತೂಕದಷ್ಟಾಗುತ್ತದೆ. ಯಾವ ತೋಳೂ ಅದನ್ನು ಹಿಡಿಯಲಾರದು. ನಿಮ್ಮ ಬೆಲ್ಟನ್ನೇ ಇಬ್ಬರಿಗೂ ಸೇರಿಸಿ ಹಾಕಿದರೆ ಇನ್ನೂ ಕೆಟ್ಟದ್ದು, ನಿಮ್ಮ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

ಮಗುವಿಗೆ ಅದರ ತೂಕ, ಎತ್ತರಕ್ಕೆ ಸರಿಹೊಂದುವ ಸೀಟು ಬೇಕು, ಅದೂ ಹಿಂದಿನ ಸಾಲಿನಲ್ಲಿ. ಸಣ್ಣ ಮಕ್ಕಳು ಎಷ್ಟು ದಿನ ಸಾಧ್ಯವೋ ಅಷ್ಟು ದಿನ ಹಿಂದಕ್ಕೆ ಮುಖ ಮಾಡಿ ಕೂರಲಿ. ಮೈಗೆ ಹೋಲಿಸಿದರೆ ಮಗುವಿನ ತಲೆ ಭಾರ, ಕತ್ತು ಎಳೆಯದು. ಹಿಂದಕ್ಕೆ ಮುಖವಿದ್ದರೆ ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಕೆಲಸ ಮಾಡುವ ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಈ ಥರದ ಸೀಟು ಎಂದೂ ಇಡಬೇಡಿ, ಏರ್‌ಬ್ಯಾಗ್ ಹೊಡೆತಕ್ಕೆ ಮಗು ಉಳಿಯುವುದು ಕಷ್ಟ. ಮೊದಲ ಸಲ ಸೀಟಿನಲ್ಲಿ ಕೂರಿಸಿದಾಗ ಅಳುತ್ತದೆ. ರಜೆಗೆ ಎರಡು ವಾರ ಮುಂಚಿನಿಂದ ಸಣ್ಣಪುಟ್ಟ ಓಡಾಟಕ್ಕೆ ಕೂರಿಸಿ ಅಭ್ಯಾಸ ಮಾಡಿಸಿ.

"ಐದೇ ನಿಮಿಷ" ಅಂತ ಮಗುವನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಬಿಸಿಲಿನಲ್ಲಿ ಹತ್ತು ನಿಮಿಷಕ್ಕೆ ಒಳಗಿನ ಶಾಖ ಸುಮಾರು 10 ಡಿಗ್ರಿ ಏರುತ್ತದೆ. ಕಿಟಕಿ ಸ್ವಲ್ಪ ಇಳಿಸಿದರೂ ಹೆಚ್ಚು ಉಪಯೋಗವಿಲ್ಲ.

ಮಳೆ ಅಥವಾ ಮಂಜು ಸಿಕ್ಕಿದರೆ?

ಒಣ ದಿನಗಳ ನಂತರದ ಮೊದಲ ಮಳೆಗೆ ರಸ್ತೆ ತುಂಬಾ ಜಾರುತ್ತದೆ, ಬಿದ್ದಿದ್ದ ಎಣ್ಣೆ, ಧೂಳು ಮೇಲೆ ತೇಲುತ್ತವೆ. ನಿಂತ ನೀರಿನ ಮೇಲೆ ವೇಗವಾಗಿ ಹೋದರೆ ಟೈರ್ ರಸ್ತೆ ಬಿಟ್ಟು ನೀರಿನ ಮೇಲೆ ಜಾರಬಹುದು. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರ ಅನ್ನಿಸುತ್ತದೆ. ಆಗ ಬ್ರೇಕ್ ತುಳಿಯಬೇಡಿ. ಆಕ್ಸಲರೇಟರ್‌ನಿಂದ ಕಾಲು ಮೆಲ್ಲಗೆ ತೆಗೆದು ಸ್ಟೀರಿಂಗ್ ನೆಟ್ಟಗೆ ಹಿಡಿಯಿರಿ. ಹರಿಯುವ ನೀರು ರಸ್ತೆಗೆ ಅಡ್ಡ ಬಂದಿದ್ದರೆ ಇಳಿಸಲೇಬೇಡಿ. 30 ಸೆಂಟಿಮೀಟರ್ ನೀರು ಸಣ್ಣ ಕಾರನ್ನು ಎತ್ತಿಕೊಂಡು ಹೋಗುತ್ತದೆ.

ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ತಿರುಗಿ ನಿಮ್ಮ ಕಣ್ಣಿಗೇ ಬಡಿಯುತ್ತದೆ, ಲೋ ಬೀಮ್ ಸಾಕು. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಿದರೆ ನೀವು ತಿರುಗುತ್ತೀರೋ ನಿಂತಿದ್ದೀರೋ ಹಿಂದಿನವರಿಗೆ ತಿಳಿಯುವುದಿಲ್ಲ.

ಬೆಟ್ಟ ಇಳಿಯುವಾಗ ಬ್ರೇಕ್ ಹಿಡಿದುಕೊಂಡೇ ಇಳಿಯಬಹುದಾ?

ಬೇಡ. ಉದ್ದದ ಇಳಿಜಾರಿನಲ್ಲಿ ಒಂದೇ ಸಮ ಬ್ರೇಕ್ ಒತ್ತಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಅದೇ ಸೂಚನೆ, ನಿಲ್ಲಿಸಿ ಆರಲು ಬಿಡಿ. ಹತ್ತುವ ಗೇರಿನಲ್ಲೇ ಇಳಿಯಬೇಕು ಅನ್ನುವ ಹಳೇ ಡ್ರೈವರ್‌ಗಳ ಮಾತು ಸರಿ: ಸಣ್ಣ ಗೇರ್ ಹಾಕಿದರೆ ಎಂಜಿನ್ನೇ ಗಾಡಿ ಹಿಡಿಯುತ್ತದೆ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವುದು ಮಾತ್ರ ಶುದ್ಧ ತಿಳಿಗೇಡಿತನ.

ಮ್ಯಾಪ್ ನೋಡಲು ಫೋನ್ ಬೇಕೇ ಬೇಕಲ್ಲ?

ಬೇಕು, ಆದರೆ ನಿಮ್ಮ ಕೈಯಲ್ಲಿ ಬೇಡ. ಗಾಡಿ ನಿಂತಿರುವಾಗಲೇ ದಾರಿ ಹಾಕಿ, ಧ್ವನಿ ಜೋರು ಮಾಡಿ, ಸ್ಟ್ಯಾಂಡಿಗೆ ಸಿಕ್ಕಿಸಿ. ಆಮೇಲಿನದು ಪಕ್ಕದವರ ಕೆಲಸ. ಫೋನ್ ಎತ್ತುವುದು, ಹಾಡು ಬದಲಿಸುವುದು ಎಲ್ಲ ಅವರದೇ. ಕೈಲಿ ಹಿಡಿಯದೆ ಮಾತಾಡಿದರೂ ಮನಸ್ಸು ಆ ಮಾತಿನ ಹಿಂದೆ ಹೋಗುತ್ತದೆ. ತಿರುವು ತಪ್ಪಿತೇ? ತಪ್ಪಲಿ. ಗಕ್ಕನೆ ನಿಲ್ಲಿಸುವುದು, ರಿವರ್ಸ್ ಬರುವುದು ಬೇಡ, ಮ್ಯಾಪ್ ಬೇರೆ ದಾರಿ ಹುಡುಕುತ್ತದೆ.

ರಾತ್ರಿ ಪಾರ್ಟಿ ಮಾಡಿ, ಬೆಳಿಗ್ಗೆ ಸ್ನಾನ ಮಾಡಿ ಹೊರಟರೆ ತೊಂದರೆ ಇಲ್ಲ ಅಲ್ವಾ?

ಇರಬಹುದು. ಒಂದು ಸಣ್ಣ ಪೆಗ್ ಮೈಯಿಂದ ಇಳಿಯಲು ಸುಮಾರು ಒಂದು ಗಂಟೆ ಬೇಕು, ಕೆಲವರಿಗೆ ಜಾಸ್ತಿ. ತಣ್ಣೀರು, ಕಾಫಿ, ಮಜ್ಜಿಗೆ ಯಾವುದೂ ಇದನ್ನು ಬೇಗ ಮಾಡುವುದಿಲ್ಲ. ರಾತ್ರಿ ಒಂದರವರೆಗೆ ಏಳೆಂಟು ಪೆಗ್ ಹಾಕಿದವರ ರಕ್ತದಲ್ಲಿ ಬೆಳಿಗ್ಗೆ ಆರಕ್ಕೂ ಮದ್ಯ ಇರಬಹುದು.

ಬೈಕಿನಲ್ಲಿ ದೂರ ಹೋಗುತ್ತಿದ್ದೇವೆ.

ಹೆಲ್ಮೆಟ್ ಇಬ್ಬರಿಗೂ, ಗಲ್ಲದ ಪಟ್ಟಿ ಹಾಕಿ. ಪಟ್ಟಿ ಹಾಕದ ಹೆಲ್ಮೆಟ್ ಟೋಪಿ ಇದ್ದಂತೆ, ಬೀಳುವ ಮುಂಚೆಯೇ ಹಾರಿಹೋಗುತ್ತದೆ. ಒಮ್ಮೆ ಜೋರಾಗಿ ಪೆಟ್ಟು ತಿಂದದ್ದನ್ನು ಬದಲಿಸಿ. ಒಳಗಿನ ಥರ್ಮಾಕೋಲ್ ಅದುಮಿಹೋಗಿರುತ್ತದೆ, ಹೊರಗೆ ಕಾಣುವುದಿಲ್ಲ. ಸೀರೆ ಸೆರಗು, ದುಪಟ್ಟಾ ಚಕ್ರಕ್ಕೆ ಸಿಗದಂತೆ ಕಟ್ಟಿಕೊಳ್ಳಿ. ಗಾಳಿ, ಬಿಸಿಲು ಮೈಯ ನೀರು ಹೀರುತ್ತವೆ, ಕಾರಿನವರಿಗಿಂತ ಬೇಗ ದಣಿಯುತ್ತೀರಿ. ಹಾಗಾಗಿ ಗಂಟೆಗೊಮ್ಮೆ ನಿಲ್ಲಿ.

ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಒಳಗೇ ಕೂತಿರಬಹುದಾ?

ವೇಗದ ರಸ್ತೆಯಲ್ಲಿ ಕೂತಿರಬೇಡಿ. ಆದಷ್ಟು ಅಂಚಿಗೆ ಒಯ್ದು ನಾಲ್ಕೂ ಇಂಡಿಕೇಟರ್ ಹಾಕಿ. ವಾಹನಗಳು ಓಡದ ಬದಿಯ ಬಾಗಿಲಿನಿಂದ ಎಲ್ಲರೂ ಇಳಿದು ತಡೆಗೋಡೆಯ ಆಚೆ ನಿಲ್ಲಿ. ಹೋಗಿ ಬರಲು ಸುರಕ್ಷಿತವಾಗಿದ್ದರೆ ಮಾತ್ರ ಕೆಂಪು ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ. ರಾತ್ರಿ ಹಿಂದಿನ ಲೈಟಿಗೆ ಅಡ್ಡ ನಿಂತು ಟೈರ್ ಬದಲಿಸುವವರನ್ನು ನೋಡಿದಾಗಲೆಲ್ಲ ನನಗೆ ಭಯ. ಬರುವವರಿಗೆ ಇರುವ ಒಂದೇ ಗುರುತನ್ನೂ ಅವರು ಮುಚ್ಚಿರುತ್ತಾರೆ.

ಅಪಘಾತ ಕಂಡರೆ ಏನು ಮಾಡಬೇಕು?

ಮೊದಲು ನಿಮ್ಮ ಗಾಡಿ ಸುರಕ್ಷಿತವಾಗಿ ನಿಲ್ಲಿಸಿ, ಹಿಂದಿನವರಿಗೆ ಎಚ್ಚರಿಕೆ ಕೊಡಿ. ನಂತರ ತುರ್ತು ಸಂಖ್ಯೆಗೆ ಕರೆ ಮಾಡಿ. ಹಲವು ದೇಶಗಳಲ್ಲಿ ಅದು 112. ಎಲ್ಲಿದ್ದೀರಿ ಅನ್ನುವುದನ್ನು ಮೊದಲು ಹೇಳಿ, ಕಿಲೋಮೀಟರ್ ಕಲ್ಲು ಇದ್ದರೆ ಅದರ ಅಂಕಿ ಹೇಳಿ. ಬೆಂಕಿಯಂಥ ಅಪಾಯ ಇಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬೇಡಿ, ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಎತ್ತಿ ಎತ್ತಿ ನೋಡಬೇಡಿ. ಬಾಯಿಗೆ ನೀರು ಹಾಕಬೇಡಿ. ಪ್ರೀತಿಯಿಂದಲೇ ಹಾಕುತ್ತಾರೆ, ಆದರೆ ಉಸಿರುಕೊಳವೆಗೆ ಹೋಗಬಹುದು.

ವಾಪಸ್ ಬರುವಾಗ ಬೇರೆ ಏನಾದರೂ ಇದೆಯಾ?

ಹೋಗುವಾಗ ಇದ್ದ ಹುರುಪು ವಾಪಸ್ ಬರುವಾಗ ಇರುವುದಿಲ್ಲ. ರಜೆಯ ಕೊನೆ ನಿಮಿಷದವರೆಗೂ ಇದ್ದು, ಸಂಜೆ ಹೊರಟು, ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತೇವೆ ಅನ್ನುವ ಲೆಕ್ಕ ಎಲ್ಲರದೂ. ಎಲ್ಲರೂ ಅದೇ ಸಂಜೆ, ಅದೇ ರಸ್ತೆಯಲ್ಲಿ ಇರುತ್ತಾರೆ. ನಾವೀಗ ಒಂದು ದಿನ ಮುಂಚೆಯೇ ಬಂದುಬಿಡುತ್ತೇವೆ. ಮೊದಲ ವರ್ಷ ಮನೆಯಲ್ಲಿ ಎಲ್ಲರೂ ಗೊಣಗಿದರು. ಬಟ್ಟೆ ಒಗೆದು, ಮಧ್ಯಾಹ್ನ ಮಲಗಿ ಎದ್ದ ಮೇಲೆ ಯಾರೂ ಮಾತಾಡಲಿಲ್ಲ.